ಮಳೆಕಾಡಿನಲ್ಲಿ ಮರಳಿ ಕೇಳಿದ ಮಾತು

ಆಸ್ಟ್ರೇಲಿಯಾ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವುದು ಕ್ರಿಕೆಟ್, ಕಾಂಗರೂ ಮತ್ತು ಕೆಂಪು ಮರುಭೂಮಿ. ಆದರೆ ಆ ದೇಶದ ಈಶಾನ್ಯದಲ್ಲಿ, ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ, ನಮ್ಮ ಆಗುಂಬೆಯನ್ನು ನೆನಪಿಸುವ ದಟ್ಟ ಮಳೆಕಾಡೂ ಇದೆ. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡು ಅದು.

ಅಲ್ಲಿಗೆ ಹೋಗುವ ಅವಕಾಶ ಸಿಕ್ಕರೆ ಕೇರ್ನ್ಸ್ ನಗರದಿಂದ ಕುರಾಂಡಕ್ಕೆ ರೈಲಿನಲ್ಲೇ ಹೋಗಿ. 1891ರಲ್ಲಿ ಕುರಾಂಡ ಮುಟ್ಟಿದ ಈ ಹಳಿ 15 ಸುರಂಗಗಳನ್ನು ದಾಟಿ ಬೆಟ್ಟವೇರುತ್ತದೆ. ದಾರಿಯಲ್ಲಿ ಬ್ಯಾರನ್ ಜಲಪಾತ ಕಾಣುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಜಾಬುಗಾಯ್ ಜನರಿಗೆ ಅದು 'ದಿನ್ ದಿನ್'. ಬುಡಾಜಿ ಎಂಬ ಮಹಾಸರ್ಪ ಹರಿದಾಡಿ ಈ ನದಿಯನ್ನೂ ಕಣಿವೆಯನ್ನೂ ಕೊರೆಯಿತೆಂದು ಅವರ ಕಥೆ.

ಕುರಾಂಡದ ಬಳಿ ರೇನ್‌ಫಾರೆಸ್ಟೇಷನ್ ಎಂಬ ಉದ್ಯಾನವಿದೆ. ಎರಡನೆಯ ಮಹಾಯುದ್ಧ ಕಾಲದ, ನೆಲದಲ್ಲೂ ನೀರಿನಲ್ಲೂ ಸಾಗುವ ಆರು ಗಾಲಿಯ 'ಆರ್ಮಿ ಡಕ್' ನಿಮ್ಮನ್ನು ಕಾಡಿನೊಳಗೆ ಸುತ್ತಿಸುತ್ತದೆ. ಪ್ರಾಣಿಗಳ ಆವರಣದಲ್ಲಿ ಎಲ್ಲರೂ ಕೋಆಲಾದತ್ತ ಓಡುತ್ತಾರೆ. ನೀಲಗಿರಿ ಎಲೆ ತಿನ್ನುವ ಅದು ಮಳೆಕಾಡಿಗೆ ನೆಂಟ ಮಾತ್ರ. ನೀವು ಕ್ಯಾಸೊವರಿಯನ್ನು ಹುಡುಕಿ. ತಲೆಯ ಮೇಲೆ ಶಿರಸ್ತ್ರಾಣ ಹೊತ್ತ, ಹಾರಲಾರದ ಈ ದೊಡ್ಡ ಹಕ್ಕಿ ಹಣ್ಣುಗಳನ್ನು ಇಡಿಯಾಗಿ ನುಂಗಿ ಬೀಜಗಳನ್ನು ದೂರದೂರಕ್ಕೆ ಬಿತ್ತುತ್ತದೆ. ಮಳೆಕಾಡಿನ ನಿಜವಾದ ತೋಟಗಾರ ಅದೇ.

ಆಮೇಲೆ ಮೂಲನಿವಾಸಿ ಕಲಾವಿದರ ಕುಣಿತ. ಮೈಗೆ ಬಣ್ಣ ಬಳಿದುಕೊಂಡು ಕುಣಿಯುವವರು ಬೂಮರಾಂಗ್ ಎಸೆಯುವುದನ್ನೂ ನಿಮಗೆ ಕಲಿಸುತ್ತಾರೆ. ಗೆದ್ದಲು ಟೊಳ್ಳು ಮಾಡಿದ ಕೊಂಬೆಯೇ ಡಿಜರಿಡೂ ವಾದ್ಯವಾಗುವುದನ್ನು ಕೇಳಿ ನೀವು ಬೆರಗಾಗುವಿರಿ. ಆದರೆ ಫೋಟೋ ತೆಗೆದುಕೊಂಡು ಹೊರಟುಬಿಡಬೇಡಿ. ಈ ಊರಿನ ಹಿಂದಿನ ಕಥೆಯನ್ನೂ ತಿಳಿಯಿರಿ.

ಕುರಾಂಡದ ಹತ್ತಿರ 1913ರಿಂದ 1962ರವರೆಗೆ ಮೋನಾ ಮೋನಾ ಎಂಬ ಮಿಷನ್ ಇತ್ತು. ಅಲ್ಲಿ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ವಸತಿಗೃಹದಲ್ಲಿ ಇರಿಸುತ್ತಿದ್ದರು. ತಮ್ಮ ಭಾಷೆಯನ್ನಾಡಲು ಅವರಿಗೆ ಅನುಮತಿ ಇರಲಿಲ್ಲ. ಒಂದೆರಡು ತಲೆಮಾರಿನಲ್ಲಿ ಜಾಬುಗಾಯ್ ಭಾಷೆ ಕೆಲವೇ ಹಿರಿಯರ ನಾಲಿಗೆಯಲ್ಲಿ ಉಳಿಯಿತು. 1987ರಲ್ಲಿ ಕುರಾಂಡದಲ್ಲಿ ಜಾಪುಕಾಯ್ ನೃತ್ಯ ರಂಗಮಂದಿರ ಆರಂಭವಾದಾಗ, ಯುವಕರು ಪ್ರವಾಸಿಗರ ಎದುರು ಆ ಭಾಷೆಯಲ್ಲೇ ಹಾಡಿ ಕುಣಿದರು. ಪ್ರದರ್ಶನಕ್ಕಾಗಿ ಕಲಿತ ಮಾತು ಅವರ ಹೆಮ್ಮೆಯ ಮಾತಾಯಿತು. 2004ರಲ್ಲಿ ಬ್ಯಾರನ್ ಕಣಿವೆಯ ರಾಷ್ಟ್ರೀಯ ಉದ್ಯಾನದ ಮೇಲೆ ಅವರ ಪಾರಂಪರಿಕ ಹಕ್ಕಿಗೂ ನ್ಯಾಯಾಲಯದ ಮನ್ನಣೆ ದೊರೆಯಿತು. ಆ ರಂಗಮಂದಿರ ಬೆಳೆದು ದೊಡ್ಡ ಸಂಸ್ಥೆಯಾಗಿ 2021ರಲ್ಲಿ ಮುಚ್ಚಿಹೋಯಿತು. ಆದರೂ ಅದು ಹೊತ್ತಿಸಿದ ದೀಪ ಸಣ್ಣದಲ್ಲ.

ಯುವ ಮಿತ್ರರೇ, ಮುಂಬಯಿಯಲ್ಲೋ ದೆಹಲಿಯಲ್ಲೋ ಹುಟ್ಟಿದ ನಿಮ್ಮ ಬಾಯಿಂದ ಕನ್ನಡವನ್ನು ಯಾರೂ ಕಿತ್ತುಕೊಂಡಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ನೀವು ಹಿಂದಿಯಲ್ಲಿ ಉತ್ತರಿಸಿದರೆ ಬೈಯುವವರೂ ಇಲ್ಲ. ಹಾಗಾಗಿಯೇ ಅದು ಸದ್ದಿಲ್ಲದೆ ಜಾರಿಹೋಗುತ್ತದೆ. ಕುರಾಂಡಕ್ಕೆ ಹೋದಾಗ 'ಬಾಮಾ' ಎಂಬ ಪದವನ್ನು ಕಲಿತು ಬನ್ನಿ. ಅಲ್ಲಿನ ಭಾಷೆಯಲ್ಲಿ ಅದರ ಅರ್ಥ 'ಜನ'. ಹೋಗುವ ಮೊದಲು ಅಜ್ಜಿಗೆ ಕನ್ನಡದಲ್ಲೇ ಉತ್ತರ ಕೊಟ್ಟು ಹೊರಡಿ.