ಐಸ್‌ಕ್ರೀಂ ಕರಗಿದ ಊರು

ಲಿವರ್‌ಪೂಲಿನಲ್ಲಿ ನೆಲದಡಿಯ ನಿಲ್ದಾಣದಿಂದ ಹೊರಡುವ ರೈಲು ಮರ್ಸಿ ನದಿಯ ಬುಡದಲ್ಲೇ ನುಸುಳಿ ಆಚೆ ದಡದಲ್ಲಿ ಬೆಳಕಿಗೆ ಬರುತ್ತದೆ. ಹಡಗುಕಟ್ಟೆಗಳು, ಸಾಲುಮನೆಗಳ ಹಿತ್ತಿಲುಗಳು, ಒಣಹಾಕಿದ ಬಟ್ಟೆಗಳು ಕಿಟಕಿಯಲ್ಲಿ ಸರಿದುಹೋಗುತ್ತವೆ. ಅರ್ಧ ಗಂಟೆಯೊಳಗೆ ಹಳಿಯೇ ಮುಗಿದು ನ್ಯೂ ಬ್ರೈಟನ್ ಬರುತ್ತದೆ. ಮುಂದೆ ಐರಿಷ್ ಸಮುದ್ರ. ಇಂಗ್ಲೆಂಡಿನ ಬೇರೆ ಕಡಲತೀರಗಳಿಗೆ ಜನ ಕಡಲು ನೋಡಲು ಹೋಗುತ್ತಾರೆ. ನನ್ನಂಥವರು ಇಲ್ಲಿಗೆ ಬರುವುದು 40 ಬಣ್ಣದ ಫೋಟೋಗಳ ಬೆನ್ನುಹತ್ತಿ. 1983ರಿಂದ 85ರವರೆಗೆ ಫೋಟೋಗ್ರಾಫರ್ ಮಾರ್ಟಿನ್ ಪಾರ್ ಇಲ್ಲಿ ತೆಗೆದ ಆ ಚಿತ್ರಗಳು ಮರುವರ್ಷ ‘ದಿ ಲಾಸ್ಟ್ ರೆಸಾರ್ಟ್’ ಎಂಬ ಪುಸ್ತಕವಾದವು. ಬ್ರಿಟನ್ನಿನ ಫೋಟೋಗ್ರಫಿಯ ಬಗ್ಗೆ ಮಾತಾಡುವವರು ಆ ಪುಸ್ತಕವನ್ನು ಇವತ್ತಿಗೂ ಬದಿಗಿಟ್ಟು ಮಾತಾಡಲಾರರು.

ಈ ಊರಿನ ಹುಟ್ಟೇ ಒಂದು ಆಸೆಯ ಕತೆ. 1830ರಲ್ಲಿ ಜೇಮ್ಸ್ ಆಥರ್ಟನ್ ಎಂಬ ಲಿವರ್‌ಪೂಲ್ ವ್ಯಾಪಾರಿ ಇಲ್ಲಿಯ ಮರಳುದಿಬ್ಬಗಳನ್ನು ಕೊಂಡ. ದಕ್ಷಿಣದ ತೀರದಲ್ಲಿ ರಾಜವಂಶದವರು ಹೋಗಿಬರುತ್ತಿದ್ದ ಬ್ರೈಟನ್ನಿಗೆ ಉತ್ತರದಲ್ಲೊಂದು ಜೋಡಿ ಕಟ್ಟಬೇಕೆಂಬುದು ಅವನ ಲೆಕ್ಕ. ಸಿರಿವಂತರು ಬರಬೇಕಿತ್ತು, ಬಂದದ್ದು ದೋಣಿ ತುಂಬ ಕೂಲಿಕಾರರು, ನೂಲಿನ ಗಿರಣಿಯವರು. ಲ್ಯಾಂಕಶೈರಿನ ಗಿರಣಿಗಳಿಗೆ ರಜೆ ಬಿದ್ದರೆ ಇಡೀ ಊರಿಗೂರೇ ಕಡಲಿಗೆ ಹೊರಡುತ್ತಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ನಿಂತುಹೋದಾಗ ಈ ಗಿರಣಿಗಳು ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬಾಯ್ದೆರೆದು ಕೂತಿದ್ದವು. ಆ ಹತ್ತಿ ಸಾಗಿಸಲೆಂದೇ ಕಾರವಾರ ಬಂದರನ್ನು ಬೆಳೆಸುವ ಮಾತು ಎದ್ದಿತ್ತು. ಹಾಗಾಗಿ ಇಲ್ಲಿಯ ಕಟ್ಟೆಯ ಮೇಲೆ ಗಾಳಿ ಕುಡಿಯುತ್ತ ಕೂತಿದ್ದವರಲ್ಲಿ ಯಾರಾದರೂ ಹುಬ್ಬಳ್ಳಿ ಕಡೆಯ ಎರೆಹೊಲದ ಹತ್ತಿ ನೂತಿದ್ದಿರಬಹುದು.

ಒಂದು ಕಾಲಕ್ಕೆ ಇಲ್ಲಿ ಏನಿರಲಿಲ್ಲ! ಶತಮಾನ ತಿರುಗುವ ಹೊತ್ತಿಗೆ 567 ಅಡಿಯ ಉಕ್ಕಿನ ಗೋಪುರವೊಂದು ತಲೆಯೆತ್ತಿತು. ಪಕ್ಕದ ಬ್ಲ್ಯಾಕ್‌ಪೂಲಿನದು ಬರೀ 518 ಅಡಿ, ಅದನ್ನು ಮೀರಿಸಲೇಬೇಕೆಂಬ ಹಟ. ಮೊದಲ ಮಹಾಯುದ್ಧದಲ್ಲಿ ನೋಡಿಕೊಳ್ಳುವವರಿಲ್ಲದೆ ಅದು ತುಕ್ಕು ಹಿಡಿದು, 1919ರಿಂದ 21ರೊಳಗೆ ಬಿಚ್ಚಿ ಗುಜರಿಗೆ ಹೋಯಿತು. ಬುಡದಲ್ಲಿದ್ದ ನೃತ್ಯಶಾಲೆ ಮಾತ್ರ ಉಳಿದು, ಮುಂದೆ ಬೀಟಲ್ಸ್ ತಂಡ ಅಲ್ಲಿ 27 ಸಲ ಹಾಡಿತು. 1969ರಲ್ಲಿ ಅದೂ ಸುಟ್ಟುಹೋಯಿತು. 1971ರಲ್ಲಿ ಲಿವರ್‌ಪೂಲಿನ ದೋಣಿ ನಿಂತಿತು, ಮರುವರ್ಷ ಕಡಲೊಳಕ್ಕೆ ಚಾಚಿದ್ದ ಅಟ್ಟಣೆ, ಪಿಯರ್, ಮುಚ್ಚಿತು. ಜನ ಅಗ್ಗದ ವಿಮಾನ ಹತ್ತಿ ಸ್ಪೇನಿನ ಬಿಸಿಲಿಗೆ ಹೋಗತೊಡಗಿದ್ದರು. ಮಳೆ ಬರುತ್ತದೋ ಇಲ್ಲವೋ ಎಂದು ಮೋಡ ನೋಡುತ್ತ ಕೂರುವ ರಜೆ ಯಾರಿಗೆ ಬೇಕು?

ಆದರೆ ಎಲ್ಲರೂ ಸ್ಪೇನಿಗೆ ಹೋಗಲಿಲ್ಲ. ಪಾರ್ ಚಿತ್ರಗಳ ಜೀವ ಇರುವುದು ಇಲ್ಲೇ. ಅಳಿಯುತ್ತಿರುವ ಊರನ್ನು ಚಿತ್ರಿಸುವವರು ಸಾಮಾನ್ಯವಾಗಿ ಖಾಲಿ ಬೀದಿ, ಮುರಿದ ಕಿಟಕಿ, ಬೆಂಚಿನ ಮೇಲೆ ಒಬ್ಬಂಟಿ ಮುದುಕನನ್ನು ಹುಡುಕುತ್ತಾರೆ. ನ್ಯೂ ಬ್ರೈಟನ್ ಖಾಲಿಯಾಗಿರಲಿಲ್ಲ, ಕಿಕ್ಕಿರಿದಿತ್ತು. ಹಡಗುಕಟ್ಟೆಗಳ ಕೆಲಸ ಕೈತಪ್ಪಿ, ಥ್ಯಾಚರ್ ಕಾಲದ ನಿರುದ್ಯೋಗ ಮನೆಮನೆಗೆ ಹೊಕ್ಕಿದ್ದ ಲಿವರ್‌ಪೂಲಿನ ಜನಕ್ಕೆ ರೈಲಿನ ಟಿಕೆಟ್ಟಿನಲ್ಲಿ ಮುಗಿಯುವ ರಜೆ ಇದೊಂದೇ. ಬಿಸಿಲು ಬಿದ್ದ ಬ್ಯಾಂಕ್ ಹಾಲಿಡೇ ದಿನ ಜನ ಮುಗಿಬೀಳುತ್ತಿದ್ದರು. ಊರಿನ ಕಸದ ಡಬ್ಬಿಗಳು ಅಷ್ಟು ಜನಕ್ಕೆ ಸಾಲುತ್ತಿರಲಿಲ್ಲ.

ಹೆಂಡತಿಗೆ ಈ ಕಡೆ ಕೆಲಸ ಸಿಕ್ಕಿತೆಂದು ಪಾರ್ 1982ರಲ್ಲಿ ಪಕ್ಕದ ವಾಲಸಿಗೆ ಮನೆ ಬದಲಿಸಿದ್ದರು. ಆವರೆಗೆ ಅವರದು ಕಪ್ಪು ಬಿಳುಪು; ಯಾರ್ಕ್‌ಶೈರಿನ ಚಾಪೆಲುಗಳು, ಮಳೆಯಲ್ಲಿ ನೆನೆಯುವ ಜನ. ಬಣ್ಣವೆಂದರೆ ಜಾಹೀರಾತಿನವರ, ಪೋಸ್ಟ್‌ಕಾರ್ಡ್ ಮಾರುವವರ ಸೊತ್ತು, ಗಂಭೀರ ಕೆಲಸಕ್ಕೆ ಸಲ್ಲದ್ದು ಎಂಬ ಮಡಿ ಇದ್ದ ಕಾಲ ಅದು. ಪಾರ್ ಆ ಮಡಿ ಮುರಿದರು. ಪ್ಲೌಬೆಲ್ ಮಕಿನಾ 67 ಎಂಬ, ಮಡಿಚಿದರೆ ಇಟ್ಟಿಗೆಯಷ್ಟಾಗುವ ಕ್ಯಾಮೆರಾ ಅವರದು. ಒಂದು ರೋಲಿಗೆ ಹತ್ತೇ ಚಿತ್ರ. ಅದರ ಜೊತೆಗೆ ಹಾಡಹಗಲಲ್ಲೂ ಫ್ಲಾಶ್. ನಡುಬಿಸಿಲಿನಲ್ಲಿ ಫ್ಲಾಶ್ ಹೊಡೆದರೆ ಮುಖದ ಮೇಲಿನ ನೆರಳೆಲ್ಲ ತೊಳೆದುಹೋಗುತ್ತದೆ. ಕೆಚಪ್ಪಿನ ಕೆಂಪು, ಮಗುವಿನ ಗುಲಾಬಿ ಫ್ರಾಕು, ಸುಟ್ಟ ಭುಜ, ಎಲ್ಲ ಒಂದೇ ಜೋರಿನಲ್ಲಿ ಕಣ್ಣಿಗೆ ಬೀಳುತ್ತವೆ. ಬಡತನವನ್ನು ಮಬ್ಬು ಬೂದು ಬಣ್ಣದಲ್ಲಿ ನೋಡಿ ಮರುಗುವುದು ರೂಢಿಯಾಗಿದ್ದವರಿಗೆ ಇದನ್ನು ಏನು ಮಾಡಬೇಕೋ ತಿಳಿಯಲಿಲ್ಲ.

ಐಸ್‌ಕ್ರೀಂ ಕೈಮುಖಕ್ಕೆಲ್ಲ ಸುರಿಸಿಕೊಂಡ ಇಬ್ಬರು ಮಕ್ಕಳ ಚಿತ್ರವನ್ನು ನೀವೂ ಎಲ್ಲೋ ನೋಡಿರುತ್ತೀರಿ. ತುಂಬಿ ಚೆಲ್ಲಿದ ಕಸದ ಪಕ್ಕ ಚಿಪ್ಸ್ ತಿನ್ನುವವರು, ಹಾಟ್‌ಡಾಗ್ ಕೌಂಟರಿನ ನೂಕುನುಗ್ಗಲು, ಗಿರಾಕಿಗಳ ಗದ್ದಲದ ನಡುವೆ ‘ನಿಂದೇನಯ್ಯಾ’ ಎಂಬಂತೆ ಕ್ಯಾಮೆರಾವನ್ನು ದಿಟ್ಟಿಸುವ ಐಸ್‌ಕ್ರೀಂ ಅಂಗಡಿಯ ಹುಡುಗಿ. ನನಗೆ ಬಹಳ ಹಿಡಿಸಿದ್ದು ಇನ್ನೊಂದು: ಮಣ್ಣು ಅಗೆಯುವ ಭಾರಿ ಯಂತ್ರದ ಚಕ್ರಪಟ್ಟಿಗಳ ಪಕ್ಕದಲ್ಲೇ ಕಾಂಕ್ರೀಟಿನ ಮೇಲೆ ಬೋರಲಾಗಿ ಮಲಗಿ ಬಿಸಿಲು ಕಾಯಿಸುತ್ತಿರುವ ಹೆಂಗಸು. ಯಂತ್ರವಿದ್ದರೇನು, ಬಿಸಿಲಿದೆಯಲ್ಲ! ಈ ಚಿತ್ರ ನೋಡಿ ಅಯ್ಯೋ ಎಂದವರಿದ್ದಾರೆ. ನನಗೆ ನಗು ಬರುತ್ತದೆ, ಅವಳ ಮೇಲಲ್ಲ, ಅವಳ ಪಕ್ಷದಲ್ಲಿ ನಿಂತು.

1986ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯಲ್ಲಿ ಈ ಚಿತ್ರಗಳು ಗೋಡೆಗೇರಿದಾಗ ಗದ್ದಲವೆದ್ದಿತು. ಸರೇ ಸೀಮೆಯ ಮಧ್ಯಮ ವರ್ಗದ ಹುಡುಗ ದುಡಿಯುವ ಜನರನ್ನು ಆಡಿಕೊಂಡು ನಗುತ್ತಿದ್ದಾನೆ, ಇದು ಕ್ರೂರ ಎಂದು ಹಲವರು ಟೀಕಿಸಿದರು. ಇವೇ ಚಿತ್ರಗಳು ಅದಕ್ಕೂ ಮೊದಲು ಲಿವರ್‌ಪೂಲಿನಲ್ಲಿ ಪ್ರದರ್ಶನಗೊಂಡಾಗ ಯಾರೂ ಹುಬ್ಬೇರಿಸಲಿಲ್ಲವೆಂದು ಪಾರ್ ಹೇಳಿಕೊಂಡಿದ್ದಾರೆ. ಅಲ್ಲಿಯವರಿಗೆ ನ್ಯೂ ಬ್ರೈಟನ್ ಹೇಗಿದೆಯೆಂದು ಗೊತ್ತಿತ್ತಲ್ಲ. ನೋವಾದದ್ದು ಈ ಕಡೆ ಒಮ್ಮೆಯೂ ತಲೆಹಾಕದವರಿಗೆ. 1994ರಲ್ಲಿ ಮ್ಯಾಗ್ನಮ್ ಎಂಬ ಫೋಟೋಗ್ರಾಫರುಗಳ ಸಂಸ್ಥೆ ಪಾರ್ ಅವರನ್ನು ಸದಸ್ಯರನ್ನಾಗಿ ಮಾಡಿಕೊಳ್ಳುವಾಗಲೂ ಈ ಜಗಳ ಮುಗಿದಿರಲಿಲ್ಲ. ವಿಯೆಟ್ನಾಂ ಯುದ್ಧವನ್ನು ಚಿತ್ರಿಸಿದ ಫಿಲಿಪ್ ಜೋನ್ಸ್ ಗ್ರಿಫಿತ್ಸ್ ಕಡುವಾಗಿ ವಿರೋಧಿಸಿದ್ದರು. ಮುಂದೆ ಅದೇ ಸಂಸ್ಥೆಗೆ ಪಾರ್ ಅಧ್ಯಕ್ಷರಾದರು.

ಹಾಗೆಂದು ಪಾರ್ ಮೇಲಿನ ದೂರನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಅಳುವ ಕೂಸಿನ ಮುಖಕ್ಕೆ ಬಡಿದ ಫ್ಲಾಶ್ ನನಗೂ ಇರಿಸುಮುರುಸು. ಆದರೆ ಕಸ ಯಾರದು ಎಂಬ ಪ್ರಶ್ನೆ ಬಂದಾಗ ಚಿಪ್ಸ್ ತಿನ್ನುವವರ ಕಡೆ ಬೆರಳು ಮಾಡಿದವರು ಫೋಟೋಗ್ರಾಫರ್ ಅಲ್ಲ, ನೋಡಿದವರು.

ಇದೇ ಬೀದಿಗಳಲ್ಲಿ ಇನ್ನೊಬ್ಬರೂ ಕ್ಯಾಮೆರಾ ಹಿಡಿದು ತಿರುಗುತ್ತಿದ್ದರು. ಐರ್ಲೆಂಡಿನಲ್ಲಿ ಹುಟ್ಟಿದ ಟಾಮ್ ವುಡ್ 1978ರಲ್ಲಿ ಬಂದು 25 ವರ್ಷ ಇಲ್ಲೇ ನೆಲೆ ನಿಂತರು. ಚೆಲ್ಸಿ ರೀಚ್ ಎಂಬ ನೈಟ್‌ಕ್ಲಬ್ಬಿನೊಳಗೆ ಶನಿವಾರ ರಾತ್ರಿಗಳ ಮುತ್ತು, ಮುನಿಸು, ಬೆವರು. ಹಗಲು ಬಸ್ಸಿನ ಕಿಟಕಿಯಾಚೆಯ ಮುಖಗಳು. ಊರ ಹುಡುಗರು ಅವರನ್ನು ‘ಫೋಟಿ ಮ್ಯಾನ್’ ಎಂದು ಕೂಗುತ್ತಿದ್ದರು, ಫೋಟೋ ಮಾಮ ಎಂದಂತೆ. ವುಡ್ ಚಿತ್ರಗಳಲ್ಲಿ ಜನ ಕ್ಯಾಮೆರಾ ನೋಡಿ ಬೆಚ್ಚುವುದಿಲ್ಲ. ಪಾರ್ ಚಿತ್ರಗಳಲ್ಲಿ ಹೆಚ್ಚಿನವರಿಗೆ ಅದರ ಕಡೆ ನೋಡಲು ಪುರಸೊತ್ತೇ ಇಲ್ಲ, ಮಕ್ಕಳ ಮೂಗು ಒರೆಸಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟರೇ ಊರು ಪೂರ್ತಿ ಕಾಣುವುದು.

ಇವತ್ತಿನ ದಂಡೆ ಒಪ್ಪಓರಣವಾಗಿದೆ. ಬಯಲಿನ ಈಜುಕೊಳ 1934ರಲ್ಲಿ ತೆರೆದದ್ದು, 1990ರ ಬಿರುಗಾಳಿಗೆ ಒಡೆದು ಆಮೇಲೆ ನೆಲಸಮವಾಯಿತು. ಆ ಕಡೆ ಈಗ ಮರೀನ್ ಪಾಯಿಂಟ್: ಸೂಪರ್‌ಮಾರ್ಕೆಟ್, ಸಿನಿಮಾ, ಹೋಟೆಲುಗಳ ಸಾಲು. ವಿಕ್ಟೋರಿಯಾ ರಸ್ತೆಯ ಗೋಡೆಗಳ ಮೇಲೆ ಆಳೆತ್ತರ ಮೀರಿದ ಬಣ್ಣದ ಚಿತ್ರಗಳು, ಅವುಗಳ ಮುಂದೆ ಮೊಬೈಲು ಹಿಡಿದ ಹುಡುಗ ಹುಡುಗಿಯರು. ಬಿಳಿಯ ದೀಪಸ್ತಂಭ, ಕೆಂಪು ಕಲ್ಲಿನ ಕೋಟೆ ಎರಡೂ ಗಟ್ಟಿಯಾಗಿವೆ. ನದಿಯಾಚೆ ಬಂದರಿನ ಕೆಂಪು ಕ್ರೇನುಗಳು, ಕಡಲಲ್ಲಿ ಗಾಳಿಯಂತ್ರಗಳ ಸಾಲು. ಚಿಪ್ಸ್ ಪೊಟ್ಟಣ ಕೊಳ್ಳುವಾಗ ‘ಉಪ್ಪು, ವಿನೆಗರ್?’ ಎಂದು ಕೇಳುವುದು ತಪ್ಪಿಲ್ಲ. ಬಿಸಿ ಚಿಪ್ಸಿನ ಮೇಲೆ ಹುಳಿ ಸುರಿದು ಮೆತ್ತಗೆ ಮಾಡುವ ಈ ಪದ್ಧತಿ ನನಗಂತೂ ಒಗ್ಗಲಿಲ್ಲ.

ಇಲ್ಲಿಂದ ಬ್ರಿಸ್ಟಲ್ ಕಡೆಗೆ ಹೋದ ಪಾರ್ ಅದೇ ಫ್ಲಾಶನ್ನು ತಮ್ಮದೇ ವರ್ಗದ ಔತಣಕೂಟ, ಅಂಗಡಿಸುತ್ತಾಟಗಳ ಮೇಲೆ ಹೊಡೆದರು. 1989ರ ‘ದಿ ಕಾಸ್ಟ್ ಆಫ್ ಲಿವಿಂಗ್’ ಆ ಪುಸ್ತಕ. ಬಡವರ ಮಾನದ ಬಗ್ಗೆ ಎದ್ದಷ್ಟು ಗದ್ದಲ ಉಳ್ಳವರ ಮಾನದ ಬಗ್ಗೆ ಏಳಲಿಲ್ಲ. ಅವರು 2025ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಮತ್ತೆ ಅಚ್ಚು ಹಾಕಿದ್ದು ನ್ಯೂ ಬ್ರೈಟನ್ನಿನ ಚಿತ್ರಗಳನ್ನೇ. ಅದಕ್ಕೂ ಮೊದಲು, 2018ರ ಬೇಸಿಗೆಯಲ್ಲಿ, ಪಾರ್, ವುಡ್ ಮತ್ತು ಇವರಿಬ್ಬರ ನಂತರ ಬಂದ ಕೆನ್ ಗ್ರಾಂಟ್ ಮೂವರ ಚಿತ್ರಗಳನ್ನೂ ಒಟ್ಟಿಗೆ ಈ ದಂಡೆಯ ಮೇಲೇ ಪ್ರದರ್ಶನಕ್ಕಿಟ್ಟಿದ್ದರು. ಚಿತ್ರದಲ್ಲಿದ್ದವರು ತಮ್ಮನ್ನು ತಾವು ನೋಡಿಕೊಳ್ಳಲು ಈ ಸಲ ಲಂಡನ್ನಿಗೆ ಹೋಗಬೇಕಿರಲಿಲ್ಲ.