ಘೋಷಣೆಯೊಂದರ ಅಂಗರಚನೆ

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನಮಗೆ ಮನವಿಪತ್ರ ಬರೆಯುವುದು ಹೊಸ ಕೆಲಸವಲ್ಲ. ಪಠ್ಯಪುಸ್ತಕಕ್ಕಾಗಿ, ಉಪಾಧ್ಯಾಯರ ನೇಮಕಕ್ಕಾಗಿ ಬರೆದ ಮನವಿಗಳ ನಕಲುಗಳು ನಮ್ಮ ಬಳಿ ಸಾಕಷ್ಟಿವೆ. ಆದುದರಿಂದಲೇ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಓದುವಾಗ ನಮ್ಮ ಮನಸ್ಸು ಅದರ ಕೀರ್ತಿಗಿಂತಲೂ ಬರವಣಿಗೆಯ ಕ್ರಮದ ಕಡೆಗೆ ಹೆಚ್ಚಾಗಿ ಹರಿಯುತ್ತದೆ. ಅದು ಮನವಿಗಳು ಫಲಿಸದ ಜನರ ಪತ್ರ. 1775ರಲ್ಲಿ ಅವರು ಕಳುಹಿಸಿದ ಸಂಧಾನದ ಅರ್ಜಿಯನ್ನು ಮೂರನೆಯ ಜಾರ್ಜ್ ದೊರೆಯು ಸ್ವೀಕರಿಸಲೇ ಇಲ್ಲ.

1776ನೆಯ ಇಸವಿಯ ಜೂನ್ 11ರಂದು ಫಿಲಡೆಲ್ಫಿಯದ ಕಾಂಗ್ರೆಸ್ ಸಭೆಯು ಐವರ ಸಮಿತಿಯೊಂದನ್ನು ನೇಮಿಸಿತು. ಕರಡನ್ನು ಬರೆದವನು 33 ವರ್ಷದ ಥಾಮಸ್ ಜೆಫರ್ಸನ್. ತಿದ್ದಿದವರಲ್ಲಿ ಜಾನ್ ಆಡಮ್ಸ್, ಬೆಂಜಮಿನ್ ಫ್ರಾಂಕ್ಲಿನ್ ಮುಖ್ಯರು. ಬ್ರಿಟನ್ನಿನಿಂದ ಬೇರ್ಪಡುವ ನಿರ್ಣಯವಾದುದು ಜುಲೈ 2ರಂದು; ಅದಕ್ಕೆ ಕಾರಣ ಹೇಳುವ ಈ ಪತ್ರಕ್ಕೆ ಒಪ್ಪಿಗೆ ದೊರೆತುದು ಜುಲೈ 4ರಂದು. ಮುಂದೆ 56 ಮಂದಿ ಅದಕ್ಕೆ ರುಜು ಹಾಕಿದರು.

ನಮ್ಮ ನ್ಯಾಯಶಾಸ್ತ್ರವನ್ನು ಬಲ್ಲವರಿಗೆ ಇದರ ಅಂಗರಚನೆ ಸುಲಭವಾಗಿ ತಿಳಿಯುತ್ತದೆ. ಬೇರ್ಪಡುವವರು ಲೋಕಕ್ಕೆ ಕಾರಣ ಹೇಳಬೇಕೆಂಬುದು ಪೀಠಿಕೆ. ಅನಂತರ ತತ್ತ್ವ: ಮನುಷ್ಯರು ಸಮಾನರು, ಜೀವ, ಸ್ವಾತಂತ್ರ್ಯ, ಸುಖದ ಅನ್ವೇಷಣೆ ಇವು ಅವರ ಸಹಜ ಹಕ್ಕುಗಳು, ಇವನ್ನು ಕಾಯುವುದಕ್ಕಾಗಿಯೇ ಸರಕಾರವಿರುವುದು, ಅದರ ಅಧಿಕಾರಕ್ಕೆ ಪ್ರಜೆಗಳ ಸಮ್ಮತಿಯೇ ಮೂಲ, ಕಾಯಬೇಕಾದುದೇ ಹಕ್ಕುಗಳಿಗೆ ಘಾತಕವಾದರೆ ಅದನ್ನು ಬದಲಿಸಬಹುದು. ಆಮೇಲೆ ದೊರೆಯ ಮೇಲಿನ 27 ಆರೋಪಗಳು. ಬ್ರಿಟಿಷ್ ಜನರೂ ತಮ್ಮ ಮೊರೆಯನ್ನು ಕೇಳಲಿಲ್ಲವೆಂಬ ಮಾತು ಅದರ ಬಳಿಕ. ಕಡೆಯದು ನಿಗಮನ: ಆದುದರಿಂದ ನಾವು ಸ್ವತಂತ್ರರು.

ತತ್ತ್ವಭಾಗವನ್ನು ಲೋಕವೆಲ್ಲ ಕೊಂಡಾಡುತ್ತದೆ. ಆದರೆ ಪತ್ರದ ಹೆಚ್ಚಿನ ಭಾಗವನ್ನು ಆಕ್ರಮಿಸಿರುವುದು ಆರೋಪಗಳು. ಶಾಸನಗಳಿಗೆ ಅಂಕಿತ ನಿರಾಕರಿಸಿದ್ದು, ನ್ಯಾಯಾಧೀಶರ ವೇತನವನ್ನು ತನ್ನ ಇಚ್ಛೆಗೆ ಅಧೀನಗೊಳಿಸಿದ್ದು, ಸಮ್ಮತಿಯಿಲ್ಲದೆ ತೆರಿಗೆ ಹೇರಿದ್ದು—ಹೀಗೆ ಒಂದೊಂದಕ್ಕೂ ಒಂದೊಂದು ವಾಕ್ಯ. ತತ್ತ್ವವು ಅಳತೆಗೋಲು, ಆರೋಪಗಳು ಅದರಿಂದ ಅಳೆದು ತೋರಿಸಿದ ಕೊರತೆಗಳು.

ಪಾಠ ಮುಗಿದಾಗ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಒಂದೇ: “ಎಲ್ಲರೂ ಎಂದರೆ ಯಾರ್‍ಯಾರು, ಸಾರ್?” ಈ ಪ್ರಶ್ನೆಯನ್ನು ನಾವು ಮರೆಮಾಚುವುದಿಲ್ಲ. ಸಮಾನತೆಯನ್ನು ಬರೆದ ಜೆಫರ್ಸನ್ನನೇ ಗುಲಾಮರ ಒಡೆಯ. ಗುಲಾಮರ ವ್ಯಾಪಾರವನ್ನು ಖಂಡಿಸುವ ಭಾಗವು ಕರಡಿನಲ್ಲಿದ್ದರೂ ಸಭೆಯು ಅದನ್ನು ತೆಗೆದುಹಾಕಿತು. ಮೂಲನಿವಾಸಿಗಳನ್ನು ಅನಾಗರಿಕರೆಂದು ಅದು ಹಳಿಯಿತು. ಸ್ತ್ರೀಯರ ಹಕ್ಕನ್ನು ನೆನೆಯಲೇ ಇಲ್ಲ. ಆದರೆ ಹೊರಗುಳಿದವರು ಆ ಅಳತೆಗೋಲನ್ನು ಬಿಸಾಡಲಿಲ್ಲ. 1848ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಸೇರಿದ ಸ್ತ್ರೀಯರು ಅದೇ ಅಚ್ಚಿನಲ್ಲಿ ತಮ್ಮ ಘೋಷಣೆಯನ್ನು ಎರಕ ಹೊಯ್ದರು. 1852ರಲ್ಲಿ, ಹಿಂದೆ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಸ್, ಜುಲೈ 4 ತನ್ನವರಿಗೆ ಯಾವ ಹಬ್ಬವೆಂದು ಪ್ರಶ್ನಿಸಿದನು. ಗುಲಾಮಗಿರಿಯು ಕಾನೂನಿನಿಂದ ರದ್ದಾದುದು 1865ರಲ್ಲಿ.

ಈ ಪಾಠದೊಡನೆ ನಾವು ನಮ್ಮ ಸಂವಿಧಾನದ 350ಎ ವಿಧಿಯನ್ನೂ ಓದಿಸುತ್ತೇವೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ತಕ್ಕ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು 1956ರ ತಿದ್ದುಪಡಿಯಿಂದ ಸೇರಿದ ವಿಧಿಯಿದು. ವಿಧಿಯನ್ನು ಬಾಯಿಪಾಠ ಮಾಡಿದರೆ ಸಾಲದು. ನಮ್ಮ ಶಾಲೆಯಲ್ಲಿ ಯಾವ ತರಗತಿಗೆ ಯಾವ ಪುಸ್ತಕವಿಲ್ಲ, ಯಾವ ತಿಂಗಳಿನಿಂದ ಉಪಾಧ್ಯಾಯರಿಲ್ಲ ಎಂಬುದನ್ನು ತಾರೀಖು ಸಹಿತ ಬರೆದಿಡಿರೆಂದು ಮಕ್ಕಳಿಗೆ ಹೇಳುತ್ತೇವೆ. ಅವರ ಅಕ್ಷರ ಇನ್ನೂ ಸೊಟ್ಟಗಿದೆ. ಪಟ್ಟಿ ಮಾತ್ರ ನೇರವಾಗಿದೆ.