ಸರ್ವಾನುಮತ

ಸೇವೆಯಿಂದ ನಿವೃತ್ತನಾದ ಉಪಾಧ್ಯಾಯನನ್ನು ಊರಿನವರು ಸುಮ್ಮನೆ ಕುಳಿತುಕೊಳ್ಳಲು ಬಿಡುವುದಿಲ್ಲ. ಮೂವತ್ತೈದು ವರ್ಷ ಹುಡುಗರಿಗೆ ಸಂಸ್ಕೃತವನ್ನು ಹೇಳಿಕೊಟ್ಟು ಮನೆಗೆ ಬಂದ ಕೆಲವು ತಿಂಗಳಲ್ಲಿಯೇ ನನ್ನನ್ನು ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ ಆಡಳಿತ ಮಂಡಳಿಗೆ ಸೇರಿಸಿದರು. ಪ್ರತಿಸ್ಪರ್ಧಿಗಳಿರಲಿಲ್ಲ. ಅಧ್ಯಕ್ಷರು ನನ್ನ ಹಳೆಯ ಶಿಷ್ಯರು. "ಮೇಷ್ಟ್ರು ಒಬ್ಬರಿದ್ದರೆ ಸಂಘಕ್ಕೆ ಶೋಭೆ" ಎಂದರು. ಶೋಭೆಗಾಗಿ ಕರೆದಲ್ಲಿಗೆ ಹೋಗಬಾರದೆಂಬುದು ಆಗ ನನಗೆ ಹೊಳೆಯಲಿಲ್ಲ. ವಾಸ್ತವವಾಗಿ ಹಸುವನ್ನು ಸಾಕುತ್ತಿರುವವಳು ನನ್ನ ಹೆಂಡತಿ. ಬೆಳಗ್ಗೆ ಸಂಜೆ ಕ್ಯಾನು ಹಿಡಿದು ಡೈರಿಗೆ ನಡೆಯುವವಳೂ ಅವಳೇ. ಷೇರು ಮಾತ್ರ ನನ್ನ ಹೆಸರಿನಲ್ಲಿದೆ.

ಸಹಕಾರವೆಂಬುದು ನಮ್ಮ ನಾಡಿಗೆ ಹೊಸದಲ್ಲ. 1904ರಲ್ಲಿ ಕಾಯಿದೆಯಾದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಂಘವನ್ನು ಕಟ್ಟಿದರು. ಹಾಲಿನ ಸಂಘಗಳು ಹಳ್ಳಿಹಳ್ಳಿಗೂ ಹಬ್ಬಿದ್ದು 1974ರಲ್ಲಿ ಡೈರಿ ಅಭಿವೃದ್ಧಿ ನಿಗಮವು ಸ್ಥಾಪಿತವಾದ ತರುವಾಯ. ಅದೇ ಮುಂದೆ 1984ರಲ್ಲಿ ಹಾಲು ಮಹಾಮಂಡಳವಾಯಿತು. ತಂದ ಹಾಲನ್ನು ಅಳೆದು, ಅದರ ಜಿಡ್ಡಿನ ಅಂಶವನ್ನು ಪರೀಕ್ಷಿಸಿ, ಗುಣಕ್ಕನುಸಾರವಾಗಿ ಬೆಲೆ ಕಟ್ಟುತ್ತಾರೆ. ಒಂದು ಲೀಟರು ಹಾಕುವ ವಿಧವೆಗೂ ನಲವತ್ತು ಲೀಟರು ಹಾಕುವ ಜಮೀನ್ದಾರನಿಗೂ ಮತ ಒಂದೊಂದೇ. ಇದಕ್ಕಿಂತ ಉದಾತ್ತವಾದ ವ್ಯವಸ್ಥೆಯನ್ನು ಯಾವ ಸ್ಮೃತಿಕಾರನೂ ವಿಧಿಸಿದಂತೆ ಕಾಣೆನು.

ಆದರೆ ಮಂಡಳಿಯ ಸಭೆ ನಡೆಯುವ ರೀತಿಯೇ ಬೇರೆ. ತಿಂಗಳಿಗೊಮ್ಮೆ ಸೇರುವೆವು. ಕಾರ್ಯದರ್ಶಿಯು ಲೆಕ್ಕವನ್ನು ವೇಗವಾಗಿ ಓದುವನು, ಅಷ್ಟರಲ್ಲಿ ಚಹಾ ಬರುವುದು, ನಡವಳಿ ಪುಸ್ತಕವು ಕೈಯಿಂದ ಕೈಗೆ ಸಾಗುವುದು, ಸಹಿ ಹಾಕುವೆವು. ಪ್ರತಿಯೊಂದು ನಿರ್ಣಯದ ಕೆಳಗೂ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂಬ ವಾಕ್ಯ. ಬೇರೆಯವರು ನೋಡಿರಬಹುದೆಂದು ನಾನು ನೋಡುತ್ತಿರಲಿಲ್ಲ. ಮೇಷ್ಟ್ರು ನೋಡಿಯೇ ಸಹಿ ಹಾಕಿರುವರೆಂದು ಬೇರೆಯವರೂ ನೋಡುತ್ತಿರಲಿಲ್ಲ.

ವ್ಯಾಕರಣದ ಹುಚ್ಚುಳ್ಳವನ ಮಾತನ್ನು ವಾಚಕರು ಕ್ಷಮಿಸಬೇಕು. ಕಾರಕಗಳು ಆರು: ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ. ಇವುಗಳಲ್ಲಿ ಒಂದೊಂದಕ್ಕೂ ಕ್ರಿಯೆಯೊಡನೆ ನೇರವಾದ ಅನ್ವಯವುಂಟು. ಷಷ್ಠಿಯನ್ನು ಮಾತ್ರ ಕಾರಕವೆಂದು ಎಣಿಸುವುದಿಲ್ಲ. ಅದು ಒಂದು ಹೆಸರನ್ನು ಇನ್ನೊಂದು ಹೆಸರಿಗೆ ಗಂಟುಹಾಕುತ್ತದೆಯೇ ಹೊರತು ಕ್ರಿಯೆಯನ್ನು ಮುಟ್ಟುವುದಿಲ್ಲ. ನಮ್ಮ ಮಂಡಳಿಯಲ್ಲಿ ಬಹುಮಂದಿ ಷಷ್ಠಿಯಿಂದ ಬಂದವರು: ಅಧ್ಯಕ್ಷರ ಭಾವಮೈದುನರು, ಅಧ್ಯಕ್ಷರ ನೆರೆಮನೆಯವರು, ಅಧ್ಯಕ್ಷರ ಮೇಷ್ಟ್ರು.

ಹೀಗಿರಲು ಕಳೆದ ವರ್ಷ ಲೆಕ್ಕ ತಪಾಸಣೆಯವರು ಬಂದರು. ಸಂಘದಲ್ಲಿ ಮಾರುವ ಪಶು ಆಹಾರದಲ್ಲಿ 31 ಚೀಲಗಳಿಗೆ ಲೆಕ್ಕವಿರಲಿಲ್ಲ. ಆ ಕೋಣೆಯ ಬೀಗದ ಕೈ ಸಹಾಯಕನಾಗಿದ್ದ ಹುಡುಗನ ಬಳಿ ಇರುತ್ತಿತ್ತು. ಅವನೂ ನನ್ನ ವಿದ್ಯಾರ್ಥಿಯೇ. ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದವನು. ಸಭೆ ಸೇರಿತು. ಯಾರೋ ಒಬ್ಬರು "ಮತ್ತೆ ಯಾರು ತೆಗೆದಿರುತ್ತಾರೆ?" ಎಂದರು. ಯಾರೂ ಉತ್ತರ ಕೊಡದ ಕಾರಣ ಅದೇ ಉತ್ತರವಾಯಿತು. ಹುಡುಗನನ್ನು ಒಳಗೆ ಕರೆದು ವಿಚಾರಿಸಲೂ ಇಲ್ಲ. ಅವನು ಬಾಗಿಲ ಹೊರಗೆ ನಿಂತಿದ್ದನು. ಅರ್ಧ ಗಂಟೆಯಲ್ಲಿ ಅವನನ್ನು ಕೆಲಸದಿಂದ ತೆಗೆದೆವು, ಸರ್ವಾನುಮತದಿಂದ. ನನ್ನ ಸಹಿ ಐದನೆಯದು.

ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಒಲೆಯ ಮುಂದಿನಿಂದ ಏಳಲಿಲ್ಲ. "ಅವನನ್ನು ಕೇಳಿದಿರಾ?" ಎಂದಳು. ಸಭೆಯ ನಿರ್ಣಯವೆಂದು ನಾನೆಂದೆನು. "ಸಭೆಯಲ್ಲಿ ನೀವು ಇರಲಿಲ್ಲವೇ?" ಎಂದು ಕೇಳಿ ಸುಮ್ಮನಾದಳು.

ಅವಳಿಗೆ ಹಾಗೆ ಕೇಳುವ ಅಧಿಕಾರವುಂಟು. ಅವಳೂ ನೆರೆಯ ಹದಿನಾಲ್ಕು ಮಂದಿ ಹೆಂಗಸರೂ ಸೇರಿ ಸ್ತ್ರೀಶಕ್ತಿ ಸಂಘವೊಂದನ್ನು ನಡೆಸುತ್ತಾರೆ. ವಾರಕ್ಕೊಮ್ಮೆ ನಮ್ಮ ಜಗಲಿಯಲ್ಲಿಯೇ ಸೇರುವುದರಿಂದ ಒಳಗೆ ಪುಸ್ತಕ ಹಿಡಿದು ಕುಳಿತ ನನಗೆ ಎಲ್ಲವೂ ಕೇಳಿಸುತ್ತದೆ. ಹಣವನ್ನು ಎಲ್ಲರ ಎದುರಿಗೆ ಎಣಿಸುತ್ತಾರೆ. ಲೆಕ್ಕವನ್ನು ಗಟ್ಟಿಯಾಗಿ ಓದುತ್ತಾರೆ. ಓದುಬಾರದ ಮುದುಕಿಯೊಬ್ಬಳು ಹಿಂದಿನ ವಾರದ ಬಾಕಿಯನ್ನು ಬಾಯಲ್ಲಿ ಹೇಳಿ ತಿದ್ದುತ್ತಾಳೆ. ಸಾಲ ಕೇಳಿದವಳು ಯಾತಕ್ಕೆಂದು ಹೇಳಲೇಬೇಕು. ಜಗಳ ಬಹಳ. ಸರ್ವಾನುಮತವನ್ನು ನಾನು ಅಲ್ಲಿ ಕೇಳಿದ್ದು ಕಡಿಮೆ. ಅವರನ್ನು ಹೊಗಳುವುದಷ್ಟೇ ನನ್ನ ಉದ್ದೇಶವಲ್ಲ: ಕಂತು ಕಟ್ಟಲಾರದೆ ಹೋದ ಬಡವಿಯೊಬ್ಬಳ ಮನೆಯ ಮುಂದೆ ಎಲ್ಲರೂ ಹೋಗಿ ನಿಂತರು, ಆ ನಾಚಿಕೆಗೆ ಅವಳು ಸಂಘವನ್ನೇ ಬಿಟ್ಟಳು. ಆ ಮಾತನ್ನೆತ್ತಿದರೆ ನನ್ನ ಹೆಂಡತಿ ಈಗಲೂ ಬೇರೆ ಕಡೆಗೆ ನೋಡುತ್ತಾಳೆ.

ಕೆಲಸ ಹೋದ ಹುಡುಗನು ಮದ್ದಳೆಗಾರ. ನಮ್ಮ ಮಲೆನಾಡಿನಲ್ಲಿ ಮಳೆಗಾಲದ ರಾತ್ರಿಗಳಲ್ಲಿ ತಾಳಮದ್ದಳೆ ಏರ್ಪಡುವುದು ವಾಡಿಕೆ. ವೇಷವಿಲ್ಲ, ಕುಣಿತವಿಲ್ಲ, ಹಾಡು, ಹಿಮ್ಮೇಳ, ಮಾತು. ಅದೇ ಆಷಾಢದಲ್ಲಿ ದೇವಸ್ಥಾನದ ಚಂದ್ರಶಾಲೆಯಲ್ಲಿ ಒಂದು ಕೂಟವಾಯಿತು. ಅವನು ಬರಲಾರನೆಂದು ನಾನು ಭಾವಿಸಿದ್ದೆನು, ಬಂದು ಕುಳಿತನು. ಅರ್ಥ ಹೇಳುವವರ ಕಡೆಗೆ ನನ್ನ ಗಮನ ಹೋಗಲಿಲ್ಲ. ಭಾಗವತರನ್ನು ಮೊದಲನೆಯ ವೇಷಧಾರಿಯೆಂದು ಕರೆಯುತ್ತಾರೆ. ಕೂಟದ ಸೂತ್ರವೆಲ್ಲ ಅವರ ಕೈಯಲ್ಲಿ. ಆದರೂ ಆ ರಾತ್ರಿ ಅವರು ಆಜ್ಞೆ ಮಾಡಿದ್ದನ್ನು ನಾನು ಕಾಣಲಿಲ್ಲ. ಅರ್ಥಧಾರಿಯೊಬ್ಬರಿಗೆ ಮಾತು ತಡವರಿಸಿತು. ಭಾಗವತರು ಮುಂದಿನ ಪದವನ್ನು ಎತ್ತಿಕೊಂಡು ಆ ಸಂಕಟವನ್ನು ಮುಚ್ಚಿದರು. ಪದದ ಮೊದಲ ಅಕ್ಷರ ಹೊರಡುವ ಮುನ್ನವೇ ಹುಡುಗನ ಬೆರಳು ಮದ್ದಳೆಯ ಮೇಲಿತ್ತು. ಅವನ ಕಣ್ಣು ಮದ್ದಳೆಯ ಮೇಲಿರಲೇ ಇಲ್ಲ. ಭಾಗವತರ ಮುಖದ ಮೇಲಿತ್ತು. ಭಾಗವತರ ಕಿವಿಯೋ ಅರ್ಥಧಾರಿಯ ಉಸಿರಿನ ಮೇಲೆ. ಚಂಡೆಯವನು ತನ್ನ ಸರದಿ ಬರುವವರೆಗೆ ಕೈಕಟ್ಟಿ ಕೇಳುತ್ತಿದ್ದನು. ನಾನು ಕಂಬಕ್ಕೊರಗಿ ಕುಳಿತು ನಮ್ಮ ಮಂಡಳಿಯಲ್ಲಿ ಯಾರು ಯಾರ ಮುಖವನ್ನು ನೋಡುತ್ತೇವೆಂದು ಯೋಚಿಸಿದೆನು. ಬೆಳಗಿನ ಜಾವದವರೆಗೂ ನಿದ್ರೆ ಬರಲಿಲ್ಲ.

ಮರುದಿನ ಅವನ ಮನೆಗೆ ಹೋದೆನು. ನನ್ನ ಹೆಂಡತಿಯೂ ಸಂಗಡ ಬಂದಳು. ಹುಡುಗನು ಒಂದು ಹಳೆಯ ಗೋಡೆ ಪಂಚಾಂಗವನ್ನು ತಂದು ಮುಂದಿಟ್ಟನು. ಅದರ ಹಿಂಬದಿಯಲ್ಲಿ, ನಾನೇ ತಿದ್ದಿಸಿದ ದುಂಡು ಅಕ್ಷರಗಳಲ್ಲಿ, ದಿನಾಂಕ, ಚೀಲದ ಸಂಖ್ಯೆ, ಒಯ್ದವರ ಹೆಸರು. ಒಯ್ದವರು ಅಧ್ಯಕ್ಷರ ಬಾಯಿಮಾತಿನ ಮೇಲೆ ಒಯ್ದವರು, ಆಮೇಲೆ ಕೊಡುತ್ತೇವೆಂದವರು, ಮಂಡಳಿಯವರೇ ಇಬ್ಬರು. ಕೂಡಿಸಿದರೆ ಸರಿಯಾಗಿ 31.

"ಮೊದಲೇ ಯಾಕೆ ತೋರಿಸಲಿಲ್ಲವಪ್ಪಾ?" ಎಂದೆನು.

"ಯಾರೂ ಕೇಳಲಿಲ್ಲ ಸಾರ್" ಎಂದನು. ಸ್ವಲ್ಪ ತಡೆದು, "ನೀವು ಕೇಳ್ತೀರಿ ಅಂದ್ಕೊಂಡು ಬಾಗಿಲಲ್ಲೇ ನಿಂತಿದ್ದೆ" ಎಂದನು.

ಮುಂದಿನ ಸಭೆಯಲ್ಲಿ ಆ ಪಂಚಾಂಗವನ್ನು ನಾನೇ ಓದಿದೆನು. ಚಹಾ ಆರಿತು. ಇಬ್ಬರು ಎದ್ದುಹೋದರು, ಅಧ್ಯಕ್ಷರು ಆ ದಿನದಿಂದ ನನ್ನೊಡನೆ ಮಾತನಾಡುವುದಿಲ್ಲ. ಹಣವೆಲ್ಲವೂ ಎರಡು ತಿಂಗಳಲ್ಲಿ ಸದ್ದಿಲ್ಲದೆ ಬಂದು ಸೇರಿತು. ಹುಡುಗನನ್ನು ಮರಳಿ ಕರೆಯಬೇಕೆಂಬ ನಿರ್ಣಯವೂ ಆಯಿತು. ಅದಕ್ಕೂ ಕೆಳಗೆ ಕಾರ್ಯದರ್ಶಿಯು ಅಭ್ಯಾಸಬಲದಿಂದ ಸರ್ವಾನುಮತವೆಂದೇ ಬರೆದನು. ಆ ಪದವನ್ನು ಹೊಡೆದುಹಾಕಿಸಿ, ಪರವಾಗಿ ಆರು, ವಿರೋಧವಾಗಿ ಮೂರು ಎಂದು ಬರೆಯಿಸಿದೆನು.

ಅವನು ಬರಲಿಲ್ಲ. ತಾಲ್ಲೂಕಿನ ಪೇಟೆಯಲ್ಲಿ ಆಟೋ ಓಡಿಸುತ್ತಾನೆ. ಈ ಸಲದ ಕೂಟಕ್ಕೆ ಮದ್ದಳೆ ಹೊತ್ತು ಬಂದವನು ನನ್ನನ್ನು ಕಂಡು ನಮಸ್ಕರಿಸಿ, "ಹಸು ಈಗ ಎಷ್ಟು ಹಾಲು ಕೊಡ್ತದೆ ಸಾರ್?" ಎಂದು ಕೇಳಿದನು. ನನಗೆ ತಿಳಿದಿರಲಿಲ್ಲ. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ನನ್ನ ಹೆಂಡತಿಯ ಕಡೆಗೆ ತಿರುಗಿದೆನು.